ಪ್ರೋಟಾನನ್ನು ಸಾಗಿಸುವ ಘನಪದಾರ್ಥಗಳು

ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ದಾರಿಯಲ್ಲಿರುವ ಮುಗದವು ಕುಂಬಾರಿಕೆಗೆ ಹೆಸರಾದ ಊರು. ಮಣ್ಣಿನ ಕೊಡದ ಗೋಡೆಯಲ್ಲಿ ಸೂಕ್ಷ್ಮರಂಧ್ರಗಳುಂಟು; ಅವುಗಳ ಮೂಲಕ ಜಿನುಗಿದ ನೀರು ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಾಗುತ್ತದೆ. ರಂಧ್ರವೇ ಇಲ್ಲದ ಗೋಡೆಯನ್ನೂ ಹಾಯ್ದುಹೋಗಬಲ್ಲ ವಸ್ತುವೊಂದುಂಟೆ? ಉಂಟು. ಇಂಧನಕೋಶಗಳಿಗೆ ಬೇಕಾದ ಘನಪದಾರ್ಥಗಳ ಶೋಧನೆಯು ಈ ಸಂಗತಿಯನ್ನೇ ಅವಲಂಬಿಸಿದೆ.

ಇಂಧನಕೋಶದಲ್ಲಿ ಜಲಜನಕವು ಉರಿಯದೆಯೇ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಎರಡು ಅನಿಲಗಳ ನಡುವಣ ತಡಿಕೆಯು ಜಲಜನಕ ಪರಮಾಣುವಿನ ಬೀಜವಾದ ಪ್ರೋಟಾನನ್ನು ಮಾತ್ರ ದಾಟಗೊಡಬೇಕು. ಅನಿಲವನ್ನಾಗಲಿ ಇಲೆಕ್ಟ್ರಾನನ್ನಾಗಲಿ ಬಿಡಕೂಡದು. ಆಗ ಇಲೆಕ್ಟ್ರಾನುಗಳು ಹೊರಗಣ ತಂತಿಯಲ್ಲಿ ಸುತ್ತಿ ಬರಬೇಕಾಗುವುದು. ಅದೇ ನಮಗೆ ದೊರೆಯುವ ವಿದ್ಯುತ್ಪ್ರವಾಹ.

1839ರಲ್ಲಿ ವಿಲಿಯಂ ಗ್ರೋವ್ ಎಂಬಾತನು ಇದಕ್ಕೆ ನೀರು ಬೆರಸಿದ ಗಂಧಕಾಮ್ಲವನ್ನು ಬಳಸಿದನು. 1955ರಲ್ಲಿ ಥಾಮಸ್ ಗ್ರಬ್ ದ್ರವದ ಬದಲಿಗೆ ಆಮ್ಲಗುಣವುಳ್ಳ ಪಾಲಿಮರ್ ಪೊರೆಯನ್ನಿಟ್ಟನು. 1965ರಲ್ಲಿ ಜೆಮಿನಿ ವ್ಯೋಮನೌಕೆಗೆ ವಿದ್ಯುತ್ತನ್ನೊದಗಿಸಿದುದು ಇಂಥ ಕೋಶವೇ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಎಂ. ವೈ. ಕರಿದುರಗನವರ ಅವರು ಸಹೋದ್ಯೋಗಿಗಳೊಡನೆ 2006ರಲ್ಲಿ ಈ ಬಗೆಯ ಪೊರೆಗಳನ್ನು ತಯಾರಿಸುವ ಕ್ರಮಗಳನ್ನು ಸಮೀಕ್ಷಿಸಿ ಲೇಖನವನ್ನು ಪ್ರಕಟಿಸಿರುವರು.

ಆದರೆ ಪೊರೆಯಲ್ಲಿ ಪ್ರೋಟಾನನ್ನು ಹೊರುವುದು ಅದರೊಳಗಣ ನೀರು. ಉಷ್ಣತೆ 100 ಸೆಂಟಿಗ್ರೇಡ್ ಡಿಗ್ರಿಯನ್ನು ಮೀರಿ ಪೊರೆಯು ಒಣಗಿದರೆ ವಾಹಕಗುಣವು ಕುಗ್ಗುತ್ತದೆ. ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಕ್ರಿಯೆಯು ಚುರುಕಾಗಬೇಕಾದರೆ ಬೆಲೆಬಾಳುವ ಪ್ಲಾಟಿನಂ ಬೇಕು.

1981ರಲ್ಲಿ ಜಪಾನಿನ ಇವಾಹಾರಾ ಮತ್ತು ಸಂಗಡಿಗರು ಹೆಚ್ಚಿನ ಶಾಖದಲ್ಲಿ ಪ್ರೋಟಾನನ್ನು ಸಾಗಿಸುವ ಸುಟ್ಟ ಘನಪದಾರ್ಥಗಳನ್ನು ತೋರಿಸಿಕೊಟ್ಟರು. ಈ ಜಾತಿಗೆ ಸೇರಿದ ಬೇರಿಯಂ ಜಿರ್ಕೊನೇಟಿನಲ್ಲಿ ಕೆಲವು ಜಿರ್ಕೋನಿಯಂ ಪರಮಾಣುಗಳ ಎಡೆಗೆ ಇಟ್ರಿಯಂ ಪರಮಾಣುಗಳನ್ನು ಸೇರಿಸಿದರೆ ಆಮ್ಲಜನಕದ ಕೆಲವು ನೆಲೆಗಳು ತೆರವಾಗುತ್ತವೆ. ನೀರಾವಿಯು ಅವನ್ನು ತುಂಬಿ, ತನ್ನ ಪ್ರೋಟಾನುಗಳನ್ನು ಒಳಗೆ ಸೇರಿಸುತ್ತದೆ. ಅವು 400ರಿಂದ 600 ಡಿಗ್ರಿಗಳಲ್ಲಿ ಒಂದು ಆಮ್ಲಜನಕದಿಂದ ನೆರೆಯ ಆಮ್ಲಜನಕಕ್ಕೆ ಜಿಗಿಯುತ್ತ ಮುಂದುವರಿಯುತ್ತವೆ. ಅವಕ್ಕೆ ರಂಧ್ರದ ಹಂಗಿಲ್ಲ. ಈ ಶಾಖದಲ್ಲಿ ಪ್ಲಾಟಿನಂನ ಬದಲು ಅಗ್ಗದ ನಿಕಲ್ ಸಾಕಾಗುತ್ತದೆ.

ಇಲ್ಲಿಯ ತೊಡಕೆಲ್ಲ ಸುಡುವುದರಲ್ಲಿದೆ. ಕುಂಬಾರನ ಆವಿಗೆಯ ಮಿತವಾದ ಶಾಖವು ಉಳಿಸುವ ರಂಧ್ರವು ಕೊಡಕ್ಕೆ ಗುಣ. ಇಲ್ಲಿ ಅದೇ ದೋಷ, ಏಕೆಂದರೆ ಅನಿಲವು ಸೋರಿಹೋಗುವುದು. ಬೇರಿಯಂ ಜಿರ್ಕೊನೇಟನ್ನು ರಂಧ್ರವಿಲ್ಲದಂತೆ ಬೇಯಿಸಲು 1600 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಆಗ ಬೇರಿಯಂ ಆವಿಯಾಗಿ ನಷ್ಟವಾಗುತ್ತದೆ. ಸ್ವಲ್ಪ ಸತುವಿನ ಆಕ್ಸೈಡನ್ನು ಬೆರಸಿದರೆ 1300 ಡಿಗ್ರಿಯಷ್ಟರಲ್ಲಿಯೇ ಅದು ಗಟ್ಟಿಯಾಗುವುದೆಂದು ಕಂಡುಬಂದಿದೆ. ಆದರೂ ಕಣಕಣಗಳ ಸಂಧಿಗಳು ಪ್ರೋಟಾನನ್ನು ತಡೆಯುತ್ತವೆ. ಆದುದರಿಂದ ಒಳ್ಳೆಯ ದ್ರವ್ಯವನ್ನು ಆರಿಸಿದರೆ ಸಾಲದು. ಅದನ್ನು ಹದವರಿತು ಸುಡುವುದೂ ಅಷ್ಟೇ ಮುಖ್ಯವಾದ ವಿದ್ಯೆ.