‘ಎಟ್ ಸಿಕ್ಸಸ್ ಅಂಡ್ ಸೆವೆನ್ಸ್’: ಆರು ಯಾರಿಗೆ, ಏಳು ಯಾರಿಗೆ?

ಕೆಲವು ದಿನಗಳ ಹಿಂದೆ ನಮ್ಮ ಸದಸ್ಯ ಬಾಂಧವರೊಬ್ಬರು ಒಂದು ಕಾಗದ ಹಿಡಿದುಕೊಂಡು ಸಂಘದ ಕಚೇರಿಗೆ ಬಂದರು. ಅವರೂ ಅವರ ಭಾವನವರೂ ಪಾಲುದಾರಿಕೆಯಲ್ಲಿ ಹೊಟೇಲು ನಡೆಸುತ್ತಾರೆ. ಕಾಗದ ಅವರ ಆಡಿಟರರದು, ಇಂಗ್ಲಿಷಿನಲ್ಲಿತ್ತು. ಪಾಲುದಾರರು ‘ಎಟ್ ಸಿಕ್ಸಸ್ ಅಂಡ್ ಸೆವೆನ್ಸ್’ ಆಗಿರುವುದರಿಂದ ರಿಟರ್ನ್ ಸಲ್ಲಿಸುವುದು ತಡವಾಗುತ್ತಿದೆ ಎಂದು ಬರೆದಿದ್ದರು.

“ಪತ್ರದ ಪ್ರಕಾರ ನಮ್ಮದು ಅರ್ಧ-ಅರ್ಧ ಪಾಲು. ಈ ಆರು-ಏಳು ಯಾವಾಗ ಆಯಿತು? ಏಳು ಪಾಲು ಯಾರಿಗೆ?” ಎಂದು ಕೇಳಿದರು. ಭಾವನವರೊಡನೆ ಎರಡು ದಿನದಿಂದ ಮಾತು ಬಿಟ್ಟಿದ್ದರಂತೆ.

ಇದು ಪಾಲಿನ ಲೆಕ್ಕವಲ್ಲ, ಇಂಗ್ಲಿಷಿನ ನುಡಿಗಟ್ಟು. ಒಬ್ಬರಿಗೊಬ್ಬರಿಗೆ ತಾಳಮೇಳವಿಲ್ಲ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸ್ಥಿತಿ ಎಂದು ಅರ್ಥ. ಜಗಳವೇ ಇಲ್ಲದೆ ಬರೀ ಗೊಂದಲವಿದ್ದರೂ ಹೀಗೆನ್ನುವುದುಂಟು. ಮದುವೆ ಆರ್ಡರಿನ ದಿನ ಭಟ್ಟರು ಕೈಕೊಟ್ಟರೆ ನಮ್ಮ ಅಡುಗೆಮನೆಯ ಪಾಡಿಗೂ ಇದೇ ಮಾತು ಒಪ್ಪುತ್ತದೆ.

ಈ ಮಾತಿಗೆ ಜನ ಹೇಳುವ ಕಥೆಯೊಂದಿದೆ. ಅದು ನಮ್ಮಂಥ ಸಂಘಗಳದೇ ಕಥೆ. ಲಂಡನ್ ನಗರದಲ್ಲಿ ಹಿಂದಿನಿಂದಲೂ ಒಂದೊಂದು ಕಸುಬಿಗೆ ಒಂದೊಂದು ಸಂಘ. ಮೆರವಣಿಗೆಯಲ್ಲಿ ಯಾವ ಸಂಘದ ಹಿಂದೆ ಯಾವ ಸಂಘ ಎಂಬುದು ಬಹು ದೊಡ್ಡ ಮರ್ಯಾದೆಯ ಪ್ರಶ್ನೆ. ದರ್ಜಿಗಳ ಸಂಘ ಮರ್ಚೆಂಟ್ ಟೇಲರ್ಸ್, ತುಪ್ಪಳದ ಚರ್ಮದ ವ್ಯಾಪಾರಿಗಳ ಸಂಘ ಸ್ಕಿನ್ನರ್ಸ್. ಎರಡಕ್ಕೂ ಅರಸನ ಸನ್ನದು ಸಿಕ್ಕಿದ್ದು 1327ರಲ್ಲೇ. ಆರನೆಯ ಸ್ಥಾನ ತಮಗೇ ಬೇಕೆಂದು ಇಬ್ಬರೂ ಹಟ ಹಿಡಿದರು. ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಮೇಲೆ ಕೆಳಗೆ ಆದದ್ದಕ್ಕೆ ಮುನಿಸಿಕೊಂಡವರನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

1484ರಲ್ಲಿ ಮೇಯರ್ ರಾಬರ್ಟ್ ಬಿಲೆಸ್ಡನ್ ತೀರ್ಪು ಕೊಟ್ಟ. ಒಂದು ವರ್ಷ ಇವರು ಆರನೆಯವರು, ಅವರು ಏಳನೆಯವರು. ಮರುವರ್ಷ ಅದಲು ಬದಲು. ಅಷ್ಟೇ ಅಲ್ಲ, ಪ್ರತಿ ವರ್ಷ ಇವರು ಅವರನ್ನೂ ಅವರು ಇವರನ್ನೂ ಊಟಕ್ಕೆ ಕರೆಯಬೇಕು. ಐನೂರು ವರ್ಷ ಕಳೆದರೂ ಆ ಪದ್ಧತಿ ನಡೆದುಕೊಂಡು ಬಂದಿದೆ, ಈಸ್ಟರ್ ಹೊತ್ತಿಗೆ ಸ್ಥಾನ ಬದಲಾಗುತ್ತದೆ. (ಅಡುಗೆಯವರ ಸಂಘವೂ ಆ ಪಟ್ಟಿಯಲ್ಲಿದೆ, ಸ್ಥಾನ ಮಾತ್ರ 35. ಊಟವಿಲ್ಲದೆ ರಾಜಿಯಿಲ್ಲ, ಊಟ ಬೇಯಿಸುವವರು ಅಷ್ಟು ಹಿಂದೆ!)

ಕಥೆ ಸೊಗಸಾಗಿದೆ. ತೀರ್ಪು ನಡೆದದ್ದೂ ನಿಜ. ಆದರೆ ನುಡಿಗಟ್ಟು ಹುಟ್ಟಿದ್ದು ಅದರಿಂದಲ್ಲ. ಏಕೆಂದರೆ ಇಂಗ್ಲಿಷ್ ಕವಿ ಚಾಸರ್ 1380ರ ದಶಕದಲ್ಲೇ ತನ್ನ ಕಾವ್ಯದಲ್ಲಿ ‘ಆರು ಮತ್ತು ಏಳು’ ಎಂದು ಬಳಸಿದ್ದಾನೆ, ತೀರ್ಪಿಗೂ ನೂರು ವರ್ಷ ಮುಂಚೆ. ಮೂಲ ದಾಳದಾಟವಿರಬೇಕೆಂದು ವಿದ್ವಾಂಸರ ಊಹೆ. ದಾಳದ ಐದು-ಆರನ್ನು ಹೇಳುವ ಫ್ರೆಂಚ್ ಪದಗಳು ಇಂಗ್ಲಿಷರ ಬಾಯಲ್ಲಿ ಆರು-ಏಳು ಆದವಂತೆ. ದಾಳದಲ್ಲಿ ಏಳು ಎಲ್ಲಿದೆ? ಆ ಅಂಕಿಗಳಿಗೆ ಹಣ ಕಟ್ಟುವುದೆಂದರೆ ಮನೆಮಠ ಪಣಕ್ಕಿಟ್ಟ ಹಾಗೆ. ಹಾಗೆ ಆಡುವವನ ಮನೆ ಅಸ್ತವ್ಯಸ್ತವಾಗದೆ ಇದ್ದೀತೆ? ಪಣ ಎಂಬ ಅರ್ಥ ಬರಬರುತ್ತಾ ಗೊಂದಲ, ಭಿನ್ನಾಭಿಪ್ರಾಯ ಎಂದಾಯಿತು.

ನಮ್ಮ ಸದಸ್ಯರಿಗೆ ಇಷ್ಟನ್ನೂ ಹೇಳಿದೆವು. ಚಾಸರನ ವಿಷಯ ಅವರಿಗೆ ಅಷ್ಟು ಹಿಡಿಸಲಿಲ್ಲ. ಊಟದ ತೀರ್ಪನ್ನು ಮಾತ್ರ ಎರಡು ಸಲ ಹೇಳಿಸಿಕೊಂಡರು. ಆಮೇಲೆ ನಮ್ಮ ಎದುರೇ ಭಾವನವರಿಗೆ ಫೋನು ಮಾಡಿ, ಖರೀದಿ ಬಿಲ್ಲುಗಳನ್ನು ತೆಗೆದುಕೊಂಡು ರಾತ್ರಿ ಮನೆಗೆ ಊಟಕ್ಕೆ ಬನ್ನಿ ಎಂದರು. ರಿಟರ್ನ್ ಸಲ್ಲಿಕೆಯಾಗಿದೆ. ಗಲ್ಲೆಯಲ್ಲಿ ಯಾರು ಕೂರಬೇಕೆಂಬ ತಕರಾರು ಇನ್ನೂ ಮುಗಿದಿಲ್ಲವೆಂದು ಕೇಳಿದ್ದೇವೆ.