ಕಿವಿಗೆ ರೆಪ್ಪೆಯಿಲ್ಲ

ಓದುಬರಹಕ್ಕೆ ನಿಶ್ಶಬ್ದ ಬೇಕೆಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆಯಲ್ಲಿ ಅರ್ಧ ಸತ್ಯ ಮಾತ್ರ ಇದೆಯೆಂದು ನನ್ನ ಭಾವನೆ. ಹೆಂಚಿನ ಮಾಡಿನ ಮೇಲೆ ಧೋ ಎಂದು ಮಳೆ ಸುರಿಯುತ್ತಿರುವಾಗ ನಾನು ಗಂಟೆಗಟ್ಟಲೆ ಓದಬಲ್ಲೆ. ಪಕ್ಕದ ಕೋಣೆಯಲ್ಲಿ ಇಬ್ಬರು ತಗ್ಗಿದ ದನಿಯಲ್ಲಿ ಮಾತಿಗೆ ತೊಡಗಿದರೋ, ಒಂದು ಪುಟವೂ ಮುಂದೆ ಸಾಗದು. ಅಳೆದು ನೋಡಿದರೆ ಮಳೆಯ ಸದ್ದೇ ಎಷ್ಟೋ ಪಾಲು ದೊಡ್ಡದು. ಕಿವಿಗೇ ಹಾನಿ ತರುವಂಥ ಅಬ್ಬರದ ಮಾತು ಬೇರೆ. ಉಳಿದಂತೆ, ಏಕಾಗ್ರತೆಯನ್ನು ಕೆಡಿಸುವುದು ಸದ್ದಿನ ಗಾತ್ರವೊಂದೇ ಅಲ್ಲವೆಂದಾಯಿತು. ಮತ್ತೇನು?

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ನಾವು ಮಲಗಿದ ಮೇಲೂ ಅದು ಕಾವಲು ಕಾಯುತ್ತಲೇ ಇರುತ್ತದೆ. ಬೀದಿಯ ಲಾರಿಗಳ ಸದ್ದಿಗೆ ಮಿಸುಕದ ತಾಯಿ ತೊಟ್ಟಿಲ ಕೂಸಿನ ಸಣ್ಣ ಮುಲುಕಿಗೆ ಎದ್ದು ಕೂರುತ್ತಾಳೆ. ಈ ಕಾವಲುಗಾರನ ಗಮನವೆಲ್ಲ ಬದಲಾವಣೆಯ ಕಡೆಗೆ. ಒಂದೇ ಸಮನೆ ನಡೆಯುವ ಸದ್ದನ್ನು ಅವನು ಬಲು ಬೇಗ ಲೆಕ್ಕದಿಂದ ಬಿಡುತ್ತಾನೆ. ಗೋಡೆಯ ಗಡಿಯಾರದ ಟಿಕ್ ಟಿಕ್ ನಮ್ಮ ಅರಿವಿಗೆ ಬರುವುದು ಎಷ್ಟೋ ಸಲ ಅದು ನಿಂತಾಗಲೇ.

ಸಮನಾದ ಸದ್ದಿಗೆ ಇನ್ನೊಂದು ಉಪಕಾರದ ಗುಣವಿದೆ: ಅದು ಚಿಕ್ಕಪುಟ್ಟ ಸದ್ದುಗಳನ್ನು ಮರೆಮಾಡುತ್ತದೆ. ತೀರ ನಿಶ್ಶಬ್ದವಾದ ಕೋಣೆಯಲ್ಲಿ ಬಾಗಿಲ ಕಿರುಗುಟ್ಟುವಿಕೆಯೂ ನಿದ್ರೆಯನ್ನು ಕದಡಬಹುದು. ಫ್ಯಾನು ತಿರುಗುತ್ತಿದ್ದರೆ ಅದೇ ಸದ್ದು ಅದರಲ್ಲಿ ಕರಗಿಹೋಗುತ್ತದೆ. ನಮ್ಮ ಸಂಗೀತದ ತಂಬೂರಿಯನ್ನು ನೆನೆಯಿರಿ. ಶ್ರುತಿಯನ್ನು ಹಿಡಿದು ತೋರುವುದು ಅದರ ಮುಖ್ಯ ಕೆಲಸ, ನಿಜ. ಆದರೂ ಅದರ ನಾಲ್ಕು ತಂತಿಗಳ ನಾದ ಸಭೆಯ ಕೆಮ್ಮು ಕೆಕರಿಕೆಗಳ ಮೇಲೆ ತೆಳುವಾದೊಂದು ತೆರೆಯನ್ನೂ ಎಳೆಯುತ್ತದೆಂದು ನನಗೆ ತೋರುತ್ತದೆ. ಆ ತೆರೆಯ ಈಚೆಗೆ ಗಾಯಕನಿಗೂ ಶ್ರೋತೃವಿಗೂ ಮನಸ್ಸು ನಿಲ್ಲುತ್ತದೆ.

ಮಾತಿನ ಸ್ವಭಾವ ಇದಕ್ಕೆ ವಿರುದ್ಧ. ಅದು ಕ್ಷಣಕ್ಷಣಕ್ಕೂ ಬದಲಾಗುವ ಸದ್ದು. ಅರ್ಥವಾಗುವುದರಿಂದಲೇ ಮಾತು ನಮ್ಮನ್ನು ಸೆಳೆಯುತ್ತದೆಂದು ನೀವು ಹೇಳಬಹುದು. 1976ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಬೇರೆ ಸಂಗತಿಯನ್ನು ತೋರಿಸಿತು. ಕಣ್ಣಿಗೆ ಕಾಣಿಸಿದ ಅಕ್ಷರಗಳನ್ನು ಅದೇ ಕ್ರಮದಲ್ಲಿ ನೆನಪಿಟ್ಟು ಬರೆಯುವುದು ಅಲ್ಲಿನ ಪರೀಕ್ಷೆ. ಹಿನ್ನೆಲೆಯಲ್ಲಿ ಜರ್ಮನ್ ಗದ್ಯವನ್ನು ಓದುತ್ತಿದ್ದರೆ, ಆ ಭಾಷೆಯನ್ನರಿಯದವರೂ ಹೆಚ್ಚು ತಪ್ಪು ಮಾಡಿದರು. ಎಂದಮೇಲೆ ಹಾಡು ಕೇಳುತ್ತ ಮಗ್ಗಿ ಉರುಹೊಡೆಯುವ ಮಕ್ಕಳಿಗೆ, ಆ ಹಾಡು ತಿಳಿಯದ ಭಾಷೆಯದೆಂಬ ಸಮಾಧಾನವೂ ಉಳಿಯುವುದಿಲ್ಲ. ಆಕಾಶವಾಣಿಯಲ್ಲಿ ಕುಳಿತು ಇದನ್ನು ಹೇಳುವುದು ವಿನೋದವಾಗಿ ಕಂಡೀತು. ನಿಮ್ಮ ಮನೆಯಲ್ಲಿ ಮಗು ಪಾಠ ಒಪ್ಪಿಸುತ್ತಿದ್ದರೆ ದಯವಿಟ್ಟು ನನ್ನನ್ನು ಈಗಲೇ ನಿಲ್ಲಿಸಿಬಿಡಿ!

ನಿಲ್ಲಿಸಬಲ್ಲೆವೆಂಬ ಅರಿವು ಸಹ ಮುಖ್ಯವೇ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳು ತಮ್ಮ 1972ರ ಗ್ರಂಥದಲ್ಲಿ ಕುತೂಹಲದ ಪ್ರಯೋಗಗಳನ್ನು ವಿವರಿಸಿದ್ದಾರೆ. ಹೊತ್ತುಗೊತ್ತಿಲ್ಲದೆ ಎರಗುವ ಸದ್ದಿನ ನಡುವೆ ಕೆಲವರನ್ನು ಕೆಲಸಕ್ಕೆ ಕೂರಿಸಿ, ತೀರ ಬೇಕಾದರೆ ಒತ್ತಿ ಸದ್ದನ್ನು ನಿಲ್ಲಿಸಬಹುದೆಂದು ಒಂದು ಗುಂಡಿಯನ್ನು ಕೊಟ್ಟರು. ಬಹುಪಾಲು ಜನ ಅದನ್ನು ಮುಟ್ಟಲೇ ಇಲ್ಲ. ಆದರೂ ಸದ್ದು ನಿಂತ ಬಳಿಕ ಕೊಟ್ಟ ಕೆಲಸದಲ್ಲಿ, ಗುಂಡಿಯಿಲ್ಲದವರಿಗಿಂತ ಇವರು ಹೆಚ್ಚು ತಾಳ್ಮೆ ತೋರಿದರು.

ಗುಂಡಿಯೇ ಇಲ್ಲದವರ ಪಾಡೇನು? ನ್ಯೂಯಾರ್ಕ್ ನಗರದ ಒಂದು ಶಾಲೆಯ ಪಕ್ಕದಲ್ಲೇ ಎತ್ತರದ ರೈಲುಮಾರ್ಗ ಹಾದುಹೋಗುತ್ತಿತ್ತು. ನಾಲ್ಕೈದು ನಿಮಿಷಕ್ಕೊಮ್ಮೆ ರೈಲು. ಪ್ರತಿ ಸಲವೂ ಪಾಠ ನಿಲ್ಲಬೇಕು. ಆರ್ಲೀನ್ ಬ್ರಾನ್ಜಾಫ್ಟ್ ಅವರು ಸಹೋದ್ಯೋಗಿಯೊಡನೆ 1975ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರೈಲಿನ ಕಡೆಯ ಕೋಣೆಗಳ ಮಕ್ಕಳು ಓದಿನಲ್ಲಿ ಆಚೆ ಬದಿಯ ಮಕ್ಕಳಿಗಿಂತ ಹಿಂದುಳಿದಿದ್ದರು. ಆರನೆಯ ತರಗತಿಯಲ್ಲಿ ಈ ಅಂತರ ಒಂದು ವರ್ಷದ ಸಮೀಪಕ್ಕೆ ಬಂದಿತ್ತು. ಆಮೇಲೆ ಹಳಿಗಳ ಕೆಳಗೆ ರಬ್ಬರಿನ ಮೆತ್ತೆ ಹಾಸಿದರು, ಕೋಣೆಗಳಿಗೆ ಸದ್ದು ಹೀರುವ ಚಾವಣಿ ಹಾಕಿದರು. 1981ರ ಅಧ್ಯಯನದ ಹೊತ್ತಿಗೆ ಎರಡೂ ಬದಿಯ ಮಕ್ಕಳು ಸಮಸಮವಾಗಿದ್ದರು.

“ಅಭ್ಯಾಸವಾಗಿಬಿಟ್ಟಿದೆ” ಎಂದು ಗದ್ದಲದ ನೆರೆಯಲ್ಲಿರುವವರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಮಕ್ಕಳ ನೆನಪಾಗುತ್ತದೆ. ಅವರಿಗೂ ಅಭ್ಯಾಸವಾಗಿಯೇ ಇದ್ದೀತು. ಆದರೆ ರೈಲಿನ ಸದ್ದನ್ನು ಒಳಗೆ ಬಿಡದಿರಲು ಕಲಿತ ಮಗು ಮೇಷ್ಟರ ಮಾತನ್ನೂ ಹೊರಗೇ ನಿಲ್ಲಿಸುವುದುಂಟು. ಅಭ್ಯಾಸಕ್ಕೂ ಬೆಲೆಯಿದೆ, ಅದನ್ನು ನಾವು ತೆರುತ್ತಿದ್ದೇವೆಂಬುದು ನಮಗೆ ತಿಳಿಯುವುದಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿಯೂ 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಮಿತಿಯನ್ನು ಗೊತ್ತುಮಾಡಿವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬುದು ಸಾಮಾನ್ಯ ನಿಯಮ. ಕಾಗದದ ಮೇಲಿನ ಅಂಕಿಗಳು ತಾವಾಗಿ ಸದ್ದನ್ನು ತಗ್ಗಿಸಲಾರವು. ನನ್ನ ಮನೆಯ ರೇಡಿಯೋ ನನಗೆ ಹಿತವಾಗಿದ್ದೀತು, ಏಕೆಂದರೆ ಅದರ ಗುಂಡಿ ನನ್ನ ಕೈಯಲ್ಲಿದೆ. ಗೋಡೆಯಾಚೆ ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ಆ ಅನುಕೂಲವಿಲ್ಲ. ಅವಳ ಪರವಾಗಿ ಅದನ್ನು ತಿರುಗಿಸಬೇಕಾದವನು ನಾನೇ.