ಕೆಂಪು ದೀಪ ಮತ್ತು ನೀರುಗಂಟಿ

ದಾವಣಗೆರೆಯ ರೈಲ್ವೆ ಗೇಟಿನಲ್ಲಿ ನಿಂತಾಗಲೆಲ್ಲ ನಮ್ಮ ಮಾವನ ಅಂಬಾಸಿಡರ್ ಕಾರಿನಲ್ಲಿ ಆಯಿಲ್ ಒತ್ತಡದ ಕೆಂಪು ದೀಪ ಮಿಣುಕುತ್ತಿತ್ತು. ಬೆಳಿಗ್ಗೆ ಮನೆ ಬಿಡುವಾಗ ಅದರ ಸುಳಿವಿಲ್ಲ. ಹರಿಹರದಿಂದ ಬಿಸಿಲಲ್ಲಿ ಓಡಿಸಿಕೊಂಡು ಬಂದು, ಗೇಟಿನ ಮುಂದೆ ಎಂಜಿನ್ ಸಣ್ಣಗೆ ಗುರುಗುಡುತ್ತಿರುವಾಗ ಮಾತ್ರ. ಆಕ್ಸಿಲರೇಟರ್ ತುಳಿದರೆ ಮಾಯ. "ಆಯಿಲ್ ಪಂಪ್ ಹೋಗಿದೆ" ಎಂದು ಮಾವ ತೀರ್ಪು ಕೊಟ್ಟು, ಹೊಸ ಪಂಪನ್ನೂ ಕೊಂಡು ಗ್ಯಾರೇಜಿಗೆ ಹೋದರು. ಮೇಸ್ತ್ರಿ ಬಾನೆಟ್ ಎತ್ತುವ ಮೊದಲೇ ಅಂದರು: "ಪಂಪ್ ಹಾಕಣ ಯಜಮಾನ್ರೆ, ಅದಕ್ಕೇನಂತೆ. ಆದ್ರೆ ದೀಪ ಆರುತ್ತೆ ಅಂತ ಮಾತ್ರ ನಾ ಹೇಳಂಗಿಲ್ಲ."

ಈ 1489 ಸಿಸಿ ಪೆಟ್ರೋಲ್ ಎಂಜಿನ್ ಮೂಲದಲ್ಲಿ ಬ್ರಿಟನ್ನಿನದು. ಎಂಜಿಎ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲೂ ಇದರ ಒಡಹುಟ್ಟೇ ಇತ್ತು ಎಂದರೆ ಅಂಬಾಸಿಡರಿನಲ್ಲಿ ಮದುವೆ ದಿಬ್ಬಣ ಹೋದವರು ನಂಬಲಿಕ್ಕಿಲ್ಲ. ಇದರ ಆಯಿಲ್ ಪಂಪ್ ಇರುವುದು ತಳದಲ್ಲಿ, ಗ್ಯಾರೇಜಿನವರು ಚೇಂಬರ್ ಎನ್ನುವ ಎಣ್ಣೆ ತೊಟ್ಟಿಯೊಳಗೆ. ತಿರುಗಿಸುವುದು ಕ್ಯಾಮ್‌ಶಾಫ್ಟ್, ಹಾಗಾಗಿ ಪಂಪಿನ ವೇಗ ಎಂಜಿನ್ನಿನ ಅರ್ಧ. ಒಳಗೆ ಎರಡೇ ತುಂಡು. ಐದು ಗುಳಿಗಳಿರುವ ಒಂದು ಬಳೆ, ಅದರೊಳಗೆ ನಾಲ್ಕು ಎಸಳಿನ ಹೂವಿನಂಥ ರೋಟರ್. ಎರಡರ ನಡುಬಿಂದು ಬೇರೆ ಬೇರೆ. ತಿರುಗಿದಂತೆ ಒಂದು ಬದಿಯಲ್ಲಿ ಎಸಳಿಗೂ ಗುಳಿಗೂ ನಡುವೆ ಜಾಗ ಬಿಚ್ಚಿಕೊಂಡು ಎಣ್ಣೆ ಹೀರುತ್ತದೆ, ಇನ್ನೊಂದು ಬದಿಯಲ್ಲಿ ಅದೇ ಜಾಗ ಮುಚ್ಚಿಕೊಂಡು ಎಣ್ಣೆಯನ್ನು ಹೊರಗೆ ದಬ್ಬುತ್ತದೆ.

ಆಯಿಲ್ ಪಂಪನ್ನು ಎಂಜಿನ್ನಿನ ಹೃದಯ ಎಂದು ಬರೆಯುವುದು ರೂಢಿ. ನನಗೆ ಅದು ಕೆರೆಯ ನೀರುಗಂಟಿಯ ಹಾಗೆ ಕಾಣುತ್ತದೆ. ಅವನು ತೂಬು ಎತ್ತಿ ನೀರು ಬಿಡಬಲ್ಲ, ಅಷ್ಟೇ. ಕಾಲುವೆಯ ಏರಿ ಅಲ್ಲಲ್ಲಿ ಒಡೆದಿದ್ದರೆ ನೀರು ಮೇಲಿನ ಗದ್ದೆಗಳಲ್ಲೇ ಹರಿದುಹೋಗಿ ಕೊನೆಭಾಗದವರು ಬಾಯಿ ಬಡಿದುಕೊಳ್ಳುತ್ತಾರೆ. ಪಂಪ್ ಕೂಡ ಎಣ್ಣೆ ದಬ್ಬುತ್ತದೆಯೇ ಹೊರತು ಒತ್ತಡವನ್ನು ಹುಟ್ಟಿಸುವುದಿಲ್ಲ. ದಬ್ಬಿದ ಎಣ್ಣೆಗೆ ಮುಂದೆ ಬೇರಿಂಗುಗಳ ಇಕ್ಕಟ್ಟು ಸಂದು ಅಡ್ಡ ಬಂದಾಗಲೇ ಒತ್ತಡ ಏರುವುದು. ಹೊಸದರಲ್ಲಿ ಆ ಸಂದು ಒಂದೆರಡು ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು. ಸವೆದು ಅದು ದುಪ್ಪಟ್ಟಾದರೆ ಸೋರಿಕೆಯೂ ದುಪ್ಪಟ್ಟಾಗುತ್ತದೆಂದು ತೋರುತ್ತದೆ. ಆದರೆ ಸಂದಿಯಲ್ಲಿ ಹರಿಯುವ ದ್ರವದ ಲೆಕ್ಕ ಬೇರೆ. ಅದು ಅಂತರದ ಘನಕ್ಕೆ ತಕ್ಕಂತೆ ಏರುತ್ತದೆ. ಎರಡರ ಘನ ಎಂಟು, ಸೋರಿಕೆಯೂ ಎಂಟು ಪಟ್ಟು.

ಇದಕ್ಕೆ ಬಿಸಿಯನ್ನು ಸೇರಿಸಿ. ಕಾದ ಎಣ್ಣೆ ಕಾದ ತುಪ್ಪದಂತೆ ತೆಳ್ಳಗಾಗಿ ಇನ್ನೂ ಸಲೀಸಾಗಿ ಜಾರುತ್ತದೆ. ನಿಂತ ಗಾಡಿಯಲ್ಲಿ ಪಂಪೂ ನಿಧಾನ. ಸವೆತ, ಬಿಸಿ, ನಿಧಾನ, ಮೂರೂ ಒಟ್ಟಿಗೆ ಕೂಡುವ ಜಾಗವೇ ಮಾವನ ರೈಲ್ವೆ ಗೇಟು.

ಪಂಪ್ ಒತ್ತಡವನ್ನು ಹುಟ್ಟಿಸದಿದ್ದರೆ ಕ್ರ್ಯಾಂಕ್‌ಶಾಫ್ಟನ್ನು ಬೇರಿಂಗಿಗೆ ತಾಗದಂತೆ ಎತ್ತಿ ಹಿಡಿಯುವವರು ಯಾರು? ಇದರ ಸುಳಿವು ಸಿಕ್ಕಿದ್ದು 1883ರಲ್ಲಿ, ಬ್ರಿಟನ್ನಿನ ಬೀಚಮ್ ಟವರ್ ಎಂಬ ಎಂಜಿನಿಯರ್‌ಗೆ. ರೈಲಿನ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆಸಿದ. ಎಣ್ಣೆ ಅದರೊಳಗಿನಿಂದ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರೆ ಕಿತ್ತು ಬಂತು, ಮರದ ಬೆಣೆ ಬಡಿದರೆ ಅದೂ ಹೊರಬಂತು. ಮೀಟರ್ ಕೂರಿಸಿ ನೋಡಿದರೆ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿತ್ತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರವೋ ಬರೀ 100 ಪೌಂಡ್. ಅಲ್ಲಿ ಪಂಪೇ ಇರಲಿಲ್ಲ, ಅಚ್ಚಿನ ತಳ ಎಣ್ಣೆಯಲ್ಲಿ ಅದ್ದಿತ್ತು ಅಷ್ಟೇ. ತಿರುಗುವ ಅಚ್ಚು ಎಣ್ಣೆಯನ್ನು ತನಗೂ ಬೇರಿಂಗಿಗೂ ನಡುವೆ ಕಿರಿದಾಗುತ್ತ ಹೋಗುವ ಸಂದಿಗೆ ತಾನೇ ಎಳೆದುಕೊಳ್ಳುತ್ತದೆ, ಆ ಎಣ್ಣೆಯ ಮೇಲೆ ಬೇರಿಂಗು ತೇಲುತ್ತದೆ, ನೀರು ನಿಂತ ರಸ್ತೆಯಲ್ಲಿ ಟೈರು ತೇಲಿದ ಹಾಗೆ. ಮೂರು ವರ್ಷದ ನಂತರ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತ ಬರೆದ. ಎಂಜಿನ್ನಿನಲ್ಲೂ ಶಾಫ್ಟ್ ತೇಲುವುದು ತನ್ನ ತಿರುಗುವಿಕೆಯಿಂದಲೇ. ಪಂಪಿನ ಕೆಲಸ ಆ ಸಂದಿ ಒಣಗದಂತೆ ನೋಡಿಕೊಳ್ಳುವುದು.

ಮೇಸ್ತ್ರಿ ಟವರನ ಹೆಸರು ಕೇಳಿದವರಲ್ಲ. ಅವರು ಮೊದಲು ಮಾಡಿದ್ದು ದೀಪದ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒತ್ತಡದ ಮೀಟರ್ ತಿರುವಿದ್ದು. ಓಡುವಾಗ 50 ಪೌಂಡಿನ ಆಸುಪಾಸು, ನಿಂತಾಗ ಹದಿನೈದಾದರೂ ಇರಬೇಕಾದ ಮುಳ್ಳು 30 ಮತ್ತು 5ರಲ್ಲಿ ಕೂತಿತ್ತು. ದೀಪ ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಹೆಚ್ಚುವರಿ ಒತ್ತಡ ಬಿಡುವ ವಾಲ್ವ್ ತೆಗೆದು ನೋಡಿದರು. ಒಂದು ಚೂರು ಕಸ ಸಿಕ್ಕಿ ಅದು ತೆರೆದೇ ಉಳಿದರೂ ಇದೇ ರೋಗಲಕ್ಷಣ. ಅದು ಚೊಕ್ಕಟವಾಗಿತ್ತು. ಆಮೇಲಷ್ಟೇ ಆಯಿಲ್ ಇಳಿಸಿ ಚೇಂಬರ್ ಬಿಚ್ಚಿದ್ದು.

ಪಂಪನ್ನು ಪೆಟ್ರೋಲಿನಲ್ಲಿ ತೊಳೆದು, ಎಸಳಿನ ತುದಿಗೂ ಬಳೆಗೂ ನಡುವೆ ಫೀಲರ್ ಗೇಜಿನ ಪಟ್ಟಿ ತೂರಿಸಿದರು. ಆರು ಥೌ ದಾಟಿದರೆ ಪಂಪ್ ಗುಜರಿಗೆ. ನಾಲ್ಕರ ಪಟ್ಟಿ ಹೋಯಿತು, ಐದರದು ಬಿಗಿಯಾಯಿತು, ಆರರದು ಹೋಗಲಿಲ್ಲ. ಸದಾ ಎಣ್ಣೆಯಲ್ಲೇ ಮುಳುಗಿರುವ ಪಂಪ್ ಸವೆಯುವುದು ಬಹಳ ನಿಧಾನ. ಕ್ರ್ಯಾಂಕ್‌ಶಾಫ್ಟಿನ ಬಿಗ್ ಎಂಡ್ ಬೇರಿಂಗುಗಳ ಕಥೆ ಬೇರೆಯಿತ್ತು. ಮೇಲಿನ ಬೂದು ಲೇಪ ಹೋಗಿ ಅಡಿಯ ತಾಮ್ರ ಹೊಳೆಯುತ್ತಿತ್ತು, ಕಲಾಯಿ ಹೋದ ಹಂಡೆಯ ಹಾಗೆ. ಏರಿ ಒಡೆದಿದ್ದು ಅಲ್ಲಿ.

"ಚೇಂಬರ್ ಬಿಚ್ಚಿದ್ದಾಗಿದೆ, ಹೊಸ ಪಂಪೂ ಹಾಕಿಬಿಡಿ" ಎಂದರು ಮಾವ. ನ್ಯಾಯವಾದ ಮಾತೇ. ಆದರೆ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ನಿಂತಿದೆ. ಈಗ ಅಂಗಡಿಯಲ್ಲಿ ಸಿಗುವುದು ಹಳೇ ದಾಸ್ತಾನು, ಇಲ್ಲವೇ ಯಾರೋ ಮಾಡಿದ ನಕಲು. ಮೇಸ್ತ್ರಿ ಹೊಸ ಪಂಪಿನ ಮುಚ್ಚಳ ತೆಗೆದು ಅದೇ ಪಟ್ಟಿ ತೂರಿಸಿದರು. ಏಳು ಥೌ ಪಟ್ಟಿ ಬೆಣ್ಣೆಯಲ್ಲಿ ಕೂದಲಿನಂತೆ ಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಬೇರಿಂಗುಗಳಷ್ಟೇ ಹೊಸವಾದವು, ಹಳೆಯ ಪಂಪೇ ಮರಳಿ ಹೋಯಿತು. ಬಳೆಯ ಓರೆ ಅಂಚು ಒಳಮುಖವಾಗಿರುವಂತೆ ಕೂರಿಸಿ, ಹೊಸ ಪ್ಯಾಕಿಂಗ್ ಇಟ್ಟು, ಬಿಗಿಯುವ ಮೊದಲು ಒಳಗೆಲ್ಲ ಎಣ್ಣೆ ತುಂಬಿದರು. ಒಣಗಿದ ಪಂಪ್ ಗಾಳಿಯನ್ನೇ ಕಡೆಯುತ್ತ ಕೂರುತ್ತದೆ, ಅಷ್ಟರಲ್ಲಿ ಹೊಸ ಬೇರಿಂಗಿನ ಗತಿ ಮುಗಿದಿರುತ್ತದೆ. ಚೇಂಬರ್ ಮುಚ್ಚಿ ಹೊಸ ಆಯಿಲ್ ಹಾಕಿದ ಮೇಲೂ ಕೀಲಿ ತಿರುಗಿಸಲು ಬಿಡಲಿಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಮುಂದಿನಿಂದ ಹ್ಯಾಂಡಲ್ ಹಾಕಿ ಹುಡುಗನ ಕೈಯಲ್ಲಿ ಎಂಜಿನ್ ತಿರುಗಿಸಿದರು. ಇಪ್ಪತ್ತು ಸುತ್ತು, ಮೂವತ್ತು ಸುತ್ತು, ಏನಿಲ್ಲ. ಹುಡುಗ ಬೆವರು ಒರೆಸಿಕೊಂಡ. ಆಮೇಲೆ ಮೀಟರಿನ ಮುಳ್ಳು ಒಮ್ಮೆ ನಡುಗಿ, ಮೆಲ್ಲಗೆ ಎದ್ದಿತು.

ಹೊಸ ಪಂಪ್ ಈಗ ಮಾವನ ಟೇಬಲ್ಲಿನ ಮೇಲೆ ಕರೆಂಟ್ ಬಿಲ್ಲುಗಳು ಹಾರದಂತೆ ಕೂತಿದೆ.